ಪಟ್ಟಿಯಕ್ಕನ ಕಟ್ಟಿಗೆ

ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ನಿವೃತ್ತ ಮೇಷ್ಟರೊಬ್ಬರು ಊರ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಗೆ ಹೋದಾಗ, ಅಲ್ಲಿನ ಕೆಲಸದಾಕೆ ಮೇಜಿನ ಮೇಲೆ ಬಗ್ಗಿ ಮೂರು ದೊಡ್ಡ ಕಾಗದಗಳನ್ನು ನೋಡುತ್ತ ನಿಂತಿದ್ದಳು. ರೋಗಿ ಬಂದರೆಂದು ಅವಳು ಕಾಗದಗಳನ್ನು ಮಡಚಲಿಲ್ಲ. ಅವುಗಳ ಮೇಲೆಯೇ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, "ಕೈ ಇಡಿ ಸಾರ್ ಇಲ್ಲಿ, ಅಲ್ಲಾಡಿಸ್ಬೇಡಿ" ಎಂದಳು. ಹಾಳೆಯ ಕೆಳಗೆ, ಎರಡೂ ತುದಿ ಚೂಪಾದ ಉದ್ದುದ್ದ ಆಕಾರಗಳು ಜೋಡಿ ಜೋಡಿಯಾಗಿ ಮಲಗಿದ್ದವು.

"ಏನಮ್ಮಾ ಇದು, ಮೀನೇ?"

"ದೋಣಿ ಸಾರ್. ಎರಡು ಒಡಲಿನದ್ದು, ಕಟಮರಾನ್ ಅಂತಾರೆ. ಪ್ಲೈವುಡ್‌ನಲ್ಲಿ ಮನೇಲೇ ಕಟ್ಕೋಬಹುದು. ಮೂರು ನಕ್ಷೆ ತರಿಸಿದೀನಿ, ಒಂದನ್ನ ಆರಿಸಬೇಕು."

"ಯಾವುದು ಚೆನ್ನಾಗಿ ತೇಲುತ್ತದೋ ಅದನ್ನು ಆರಿಸು."

"ಮೂರೂ ತೇಲ್ತವೆ. ಒಬ್ಬರ ಹೊಟ್ಟೆ ಉರಿಸೋದು ಯಾವುದು ಅಂತ ನೋಡ್ತಾ ಇದೀನಿ."

ಇದನ್ನು ಅವಳು ಹಲ್ಲು ಕಡಿದು ಹೇಳಲಿಲ್ಲ. ಒದ್ದೆ ಪಟ್ಟಿಯನ್ನು ಸುತ್ತು ಸುತ್ತಾಗಿ ಎಳೆಯುತ್ತ, "ಬೆರಳು ಆಡಿಸಿ ನೋಡೋಣ" ಎನ್ನುವ ದನಿಯಲ್ಲೇ ಹೇಳಿದಳು. ಕೈ ನೆಟ್ಟಗೆ ಕೂಡಿಕೊಂಡಿತು. ಇದನ್ನು ಬರೆಯುತ್ತಿರುವುದು ಅದೇ ಕೈ. ಉಳಿದದ್ದನ್ನೆಲ್ಲ ಅವಳ ಬಾಯಿಂದಲೂ ಅವಳ ಬೀದಿಯವರ ಬಾಯಿಂದಲೂ ಕೇಳಿದ್ದಾಯಿತು. ಗೇಟಿನ ಮುಂದೆ ನಡೆದದ್ದನ್ನು ಮಾತ್ರ ಕಣ್ಣಾರೆ ಕಂಡದ್ದು.

ಊರಿಗೆ ಅವಳು ಪಟ್ಟಿಯಕ್ಕ. ಮರದಿಂದ ಬಿದ್ದವರು, ಸೈಕಲ್ಲಿನಿಂದ ಬಿದ್ದವರು, ಜಗಳದಲ್ಲಿ ಬಿದ್ದು ಮೆಟ್ಟಿಲಿನಿಂದ ಬಿದ್ದೆವೆಂದು ಸುಳ್ಳು ಹೇಳುವವರು, ಎಲ್ಲರೂ ಅವಳ ಮೇಜಿನ ಮುಂದೆ ಕೂತು ಎದ್ದವರೇ. ಮೂಳೆ ಕೂರಿಸುವುದು ಡಾಕ್ಟರ ಕೆಲಸ. ಕೂತ ಮೂಳೆ ಏಳದಂತೆ ಕಟ್ಟುವುದು ಅವಳ ಕೆಲಸ. ಆ ಕೋಣೆಯಲ್ಲಿ ನೆಲ, ಕಿಟಕಿಯ ಸರಳು, ಗೋಡೆಯ ಗಡಿಯಾರ ಎಲ್ಲದರ ಮೇಲೂ ಬಿಳಿ ಪುಡಿ ಕೂತಿರುತ್ತಿತ್ತು. ಸಂಜೆ ಮನೆಗೆ ಹೊರಟಾಗ ಅವಳ ಹುಬ್ಬೂ ಬೆಳ್ಳಗಾಗಿರುತ್ತಿತ್ತು. "ನಮ್ಮಕ್ಕ ಬೆಳಿಗ್ಗೆ ಹರೆಯದವಳು, ಸಂಜೆ ಮುದುಕಿ" ಎಂದು ಆಸ್ಪತ್ರೆಯ ಕಾವಲುಗಾರ ದಿನಾ ನಗೆಯಾಡುತ್ತಿದ್ದ. ಅವಳೂ ದಿನಾ ಮೊದಲ ಸಲ ಕೇಳಿದಂತೆ ನಗುತ್ತಿದ್ದಳು.

ಗಂಡ ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಬಡಗಿ. ತಾನೇ ಮಾಡಿದ ಬಾಗಿಲುಗಳಲ್ಲಿ ತಲೆ ತಗ್ಗಿಸಿ ಹೋಗಬೇಕಾದಷ್ಟು ಎತ್ತರದ ಆಳು. ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಮಾತು ಮಾತ್ರ ಗಿಡ್ಡ. ಯಾರಾದರೂ ಕಾಲು ತುಳಿದರೆ ತಾನೇ "ಸಾರಿ" ಎನ್ನುವ ಪೈಕಿ. ಇವರಿಬ್ಬರ ಮನೆ ಹಿಂದುಗಡೆ, ಹಿತ್ತಿಲಿಗೆ ಅಂಟಿಕೊಂಡದ್ದು. ಮುಂದಿನ ದೊಡ್ಡ ಮನೆ ಉದ್ದಣ್ಣನ ಅಣ್ಣನದು. ಅವನಿಗೆ ಪೇಟೆಯಲ್ಲಿ ಸಿಮೆಂಟಿನ ವ್ಯಾಪಾರ, ಹಾಗಾಗಿ ಅವನು ಸಿಮೆಂಟ್ ಭಾವ. ಹಿತ್ತಿಲಿನಿಂದ ಬೀದಿಗೆ ಬರಲು ಅವನ ಮನೆಯ ಪಕ್ಕದಲ್ಲೊಂದು ಓಣಿ. ಓಣಿಯ ಒಂದು ಮಗ್ಗುಲಿಗೆ ಪರರ ಉಗ್ರಾಣದ ಕಲ್ಲುಗೋಡೆ, ಇನ್ನೊಂದು ಮಗ್ಗುಲಿಗೆ ಭಾವನ ಖಾಲಿ ಜಾಗ. ಎಲ್ಲ ಸೇರಿ ಒಂದು ಲಾರಿ ಆರಾಮವಾಗಿ ಬಂದುಹೋಗುವಷ್ಟು ಅಗಲ.

ಹಿತ್ತಿಲನ್ನು ತನಗೆ ಬಿಟ್ಟುಕೊಟ್ಟರೆ ಸಿಮೆಂಟು ದಾಸ್ತಾನಿಗೆ ಆಗುತ್ತದೆಂದು ಭಾವ ಕೇಳಿದ್ದ. ಇವರು ಕೊಡಲಿಲ್ಲ. ಅಲ್ಲಿ ಉದ್ದಣ್ಣ ದೋಣಿ ಕಟ್ಟುತ್ತಿದ್ದ. ಮಾತು ಬಾರದ ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಆಸೆ: ಸ್ವಂತ ಹಾಯಿದೋಣಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಕೊಲ್ಲಿಯ ಆಚೆ ದಡ, ಅದರಾಚೆಯ ದ್ವೀಪಗಳು, ಅವುಗಳಾಚೆ ಏನಿದೆಯೋ ಅದು. ರಜೆಯ ದಿನಗಳಲ್ಲಿ ಮಾಡಿ ಮಾಡಿ ಅಗಲ ಹೊಟ್ಟೆಯ ಒಂದು ದೋಣಿ ಎದ್ದು ನಿಂತಿತು. ಭಾವ ಸಂಜೆ ಸಂಜೆ ಬಂದು ನೋಡುತ್ತಿದ್ದ. ತಮ್ಮ ಮೊಳೆ ಹೊಡೆಯುವಾಗ ಹಲಗೆ ಹಿಡಿದುಕೊಳ್ಳುತ್ತಿದ್ದ. "ಭೇಷ್ ಕಣೋ, ಏನು ಅಗಲ, ಏನು ಅಗಲ!" ಎಂದು ಒಡಲಿನ ಮೇಲೆ ಕೈ ಆಡಿಸುತ್ತಿದ್ದ.

ಬಣ್ಣ ಬಳಿಯುವುದೊಂದು ಬಾಕಿ ಇದ್ದಾಗ ಪಟ್ಟಿಯಕ್ಕನ ತಂಗಿಗೆ ಹೆರಿಗೆಯಾಯಿತೆಂದು ಗಂಡ ಹೆಂಡತಿ ಊರಿಗೆ ಹೋದರು. ಮರಳಿ ಬಂದಾಗ ಭಾವನ ಜಾಗದ ಅಂಚಿಗೆ ಗೋಡೆ ಎದ್ದಿತ್ತು. ಆಳೆತ್ತರದ್ದು, ಒಳ್ಳೆಯ ಸಿಮೆಂಟಿನದು, ಅದಕ್ಕೆ ಅಂಟಿಕೊಂಡು ಮಹಡಿಗೆ ಹೊಸ ಮೆಟ್ಟಿಲು, ಮೆಟ್ಟಿಲಿಗೊಂದು ಕಿಟಕಿ. ಕಿಟಕಿ ಹಿತ್ತಿಲನ್ನು ನೋಡುತ್ತಿತ್ತು. ಓಣಿಯಲ್ಲಿ ಈಗ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕಿತ್ತು.

ಉದ್ದಣ್ಣ ಗೋಡೆಯನ್ನೊಮ್ಮೆ ದೋಣಿಯನ್ನೊಮ್ಮೆ ನೋಡಿ, "ಅಣ್ಣಾ, ದೋಣಿ..." ಎಂದ.

"ನನ್ನ ಜಾಗ, ನನ್ನ ಗೋಡೆ. ಒಂದು ಇಟ್ಟಿಗೆ ನಿನ್ನ ಕಡೆ ಬಂದಿದ್ರೆ ತೋರ್ಸು, ಈಗಲೇ ಕೀಳಿಸ್ತೀನಿ" ಎಂದ ಭಾವ. "ದೋಣಿ ಅಷ್ಟು ಅಗಲ ಯಾಕೆ ಮಾಡ್ದೆ? ಕೊಯ್ದು ಹಾಕು. ಕಟ್ಟಿಗೆಗಾದ್ರೂ ಆಗುತ್ತೆ."

ಇಟ್ಟಿಗೆ ಇತ್ತ ಬಂದಿರಲಿಲ್ಲ. ದೂರು ಕೊಡಲು ಯಾವ ಕಚೇರಿಯೂ ಇರಲಿಲ್ಲ. ಒಂದು ಮಳೆಗಾಲ ದೋಣಿ ಹಿತ್ತಿಲಿನಲ್ಲೇ ನೆನೆಯಿತು. ಆಮೇಲೆ ಒಂದು ರಜೆಯ ದಿನ ಉದ್ದಣ್ಣ ಗರಗಸ ತಂದು ಅದನ್ನು ಕೊಯ್ದ. ಬೆಳಗಿನಿಂದ ಸಂಜೆಯವರೆಗೂ ಗರಗಸದ ಸದ್ದು. ಮೆಟ್ಟಿಲ ಕಿಟಕಿಯಲ್ಲಿ ಭಾವ ಚಹಾ ಕುಡಿಯುತ್ತ ನಿಂತು ಕೇಳಿದ. ಆ ಚಹಾ ಲೋಟವನ್ನು ಪಟ್ಟಿಯಕ್ಕ ಮರೆಯಲಿಲ್ಲ. ಗೋಡೆಯನ್ನಾದರೂ ಮರೆತಾಳು, ಲೋಟವನ್ನು ಮರೆಯಳು.

"ಅವನು ಜಾಗ ಕೇಳಿದ, ನಾವು ಕೊಡಲಿಲ್ಲ, ಗೋಡೆ ಕಟ್ಟಿದ. ಸರಿ. ಮೊದಲೇ ಕಟ್ಟಬಹುದಿತ್ತಲ್ಲ?" ಎನ್ನುತ್ತಿದ್ದಳು. "ಮುಗಿಯೋವರೆಗೂ ಕಾದ. ಹಲಗೆ ಹಿಡ್ಕೊಂಡು ಕಾದ. ಅವನು ಬರ್ತಿದ್ದದ್ದು ದೋಣಿ ನೋಡೋಕಲ್ಲ, ಅಳತೆ ತಗೊಳ್ಳೋಕೆ."

"ಹೋಗ್ಲಿ ಬಿಡೇ" ಎನ್ನುತ್ತಿದ್ದ ಉದ್ದಣ್ಣ.

"ನೀವು ಬಿಡಿ. ಒಂದು ಮನೇಲಿ ಒಬ್ಬರು ಬಿಟ್ರೆ ಸಾಕು."

ಕೊಯ್ದ ದೋಣಿಯ ಮೂತಿಯ ತುಂಡೊಂದನ್ನು ಅವಳು ಒಲೆಗೆ ಹಾಕಲಿಲ್ಲ. ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಇಟ್ಟಳು. ದಿನಕ್ಕೆ ಹತ್ತು ಸಲ ಕಾಲಿಗೆ ತಾಕುತ್ತಿತ್ತು. ತಾಕಲಿ ಎಂದೇ ಇಟ್ಟದ್ದು. ಇದು ಒಳ್ಳೆಯ ಗುಣವೆಂದು ಯಾರೂ ಹೇಳುವುದಿಲ್ಲ, ಅವಳೂ ಹೇಳುತ್ತಿರಲಿಲ್ಲ. ಬೇರೆಯವರು ಹಪ್ಪಳದ ಹಿಟ್ಟು ಒಣಗದಂತೆ ಒದ್ದೆ ಬಟ್ಟೆ ಹೊದಿಸಿಡುವ ಹಾಗೆ ಅವಳು ಸಿಟ್ಟನ್ನು ಇಟ್ಟುಕೊಂಡಿದ್ದಳು.

ದಾರಿ ತೋರಿಸಿದ್ದು ಒಂದು ಮುರಿದ ಕಾಲು. ಕಡವಿನಲ್ಲಿ ಜನರನ್ನು ದಾಟಿಸುವ ತಾತ ಪಾದ ಮುರಿದುಕೊಂಡು ಅವಳ ಮೇಜಿಗೆ ಬಂದ. ನೋವು ಮರೆಯಲು ಹರಟುತ್ತಿದ್ದ. ಕೊಲ್ಲಿಗೆ ಹೊರಗಿನದೊಂದು ದೋಣಿ ಬಂದಿದೆಯಂತೆ, ಒಂದಕ್ಕೆ ಎರಡು ಒಡಲಂತೆ, ನಡುವೆ ಅಡ್ಡತೊಲೆಗಳಂತೆ, ತೊಲೆಗಳನ್ನು ಹಗ್ಗದಲ್ಲಿ ಬಿಗಿದಿದ್ದಾರಂತೆ.

ಪಟ್ಟಿಯಕ್ಕನ ಕೈ ನಿಂತಿತು. "ಹಗ್ಗ ಬಿಚ್ಚಿದ್ರೆ?"

"ಎರಡೂ ಬೇರೆ ಬೇರೆ. ಮತ್ತೆ ಕಟ್ಟಿದ್ರೆ ಒಂದು."

"ಒಂದೊಂದು ಒಡಲು ಎಷ್ಟು ಅಗಲ ತಾತಾ?"

"ಏನ್ ಮಹಾ. ಎರಡೂ ಕೈ ಅಗಲಿಸೋದೂ ಬೇಡ, ತಬ್ಕೋಬಹುದು."

ಅವಳು ಆ ದಿನ ತಾತನ ಕಾಲಿಗೆ ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ಪಟ್ಟಿ ಸುತ್ತಿದಳು. ಖುಷಿಗೆ.

ಸಂಜೆ ಆಸ್ಪತ್ರೆಯ ಅಳತೆ ಪಟ್ಟಿ ಹಿಡಿದು ಓಣಿಯುದ್ದಕ್ಕೂ ಅಡ್ಡ ಅಳೆದಳು. ಗೋಡೆಯ ಬುಡದಲ್ಲಿ ಅಳೆದಳು, ಸೊಂಟದ ಮಟ್ಟದಲ್ಲಿ ಅಳೆದಳು, ಮಳೆನೀರಿನ ಕೊಳವೆ ಉಬ್ಬಿದ ಕಡೆ ಅಳೆದಳು. ಎಲ್ಲಕ್ಕಿಂತ ಇಕ್ಕಟ್ಟಾದ ಕಡೆ ನಾಲ್ಕು ಅಡಿಗೆ ಚೂರು ಕಡಿಮೆ. ಅದಾದ ಮೇಲೆ ಮನೆಯಲ್ಲಿ ಮೂರು ನಕ್ಷೆಗಳು ಬಂದು ಕೂತವು.

ಮೂರಕ್ಕೂ ಅವರೇ ಹೆಸರಿಟ್ಟರು. ಒಂದು 'ಮಹಲು': ಎರಡು ಒಡಲಿನ ನಡುವೆ ಕೋಣೆಯಿದ್ದದ್ದು. ಅದನ್ನು ಬಿಚ್ಚಲು ಬರುತ್ತಿರಲಿಲ್ಲ, ಅದು ಮೊದಲ ದಿನವೇ ಬಿದ್ದುಹೋಯಿತು. ಉಳಿದದ್ದು 'ಮಂಚ' ಮತ್ತು 'ಸೌತೆಕಾಯಿ'. ಹಿತ್ತಿಲಿನಲ್ಲಿ ಸೀಮೆಸುಣ್ಣದಿಂದ ಎರಡರ ಒಳಜಾಗವನ್ನೂ ಬರೆದು ಪಟ್ಟಿಯಕ್ಕ ಗಂಡನಿಗೆ ಮಲಗಿ ನೋಡಲು ಹೇಳಿದಳು. ಮಂಚದಲ್ಲಿ ಉದ್ದಣ್ಣ ಕಾಲು ಚಾಚಿ, ಕೈ ತಲೆಯ ಕೆಳಗಿಟ್ಟು, ಕಣ್ಣೇ ಮುಚ್ಚಿಬಿಟ್ಟ.

"ಏಳ್ರೀ, ಮಲಗೋಕೆ ಹೇಳಿದ್ದು, ನಿದ್ದೆ ಮಾಡೋಕಲ್ಲ."

ಸೌತೆಕಾಯಿಯಲ್ಲಿ ಅವನ ಭುಜ ಎರಡೂ ಗೆರೆಗಳನ್ನು ಮುಟ್ಟಿತು. ಪಾದ ಗೆರೆಯಾಚೆ ಎರಡು ಗೇಣು ಹೊರಗಿತ್ತು. ಮೊಣಕಾಲು ಮಡಚಿದ. ಮಗ್ಗುಲಾದ. ಕೊನೆಗೆ ಎದ್ದು ಕೂತು, "ಮಂಚ ಚೆನ್ನಾಗಿದೆ" ಎಂದ.

"ಮಂಚ ಐದು ಅಡಿ ಅಗಲ. ಓಣೀಲಿ ಹೋಗಲ್ಲ."

"ಓಣಿ ಯಾಕೆ? ಕಡವಿನ ತಾತನ ಶೆಡ್ಡು ಖಾಲಿ ಇದೆ. ದಡದಲ್ಲೇ ಕಟ್ಟೋಣ. ಅಲ್ಲಿಂದ ನೀರಿಗೆ ದಬ್ಬಿದ್ರಾಯ್ತು."

ಬುದ್ಧಿ ನೆಟ್ಟಗಿದ್ದ ಯಾರೂ ಹೇಳುವ ಮಾತೇ ಅದು. ಪಟ್ಟಿಯಕ್ಕ ಮೆಟ್ಟಿಲ ಕಿಟಕಿಯ ಕಡೆ ನೋಡಿದಳು. "ಇಲ್ಲೇ ಕಟ್ಟಬೇಕು. ಅವನು ನೋಡ್ತಿರುವಾಗಲೇ ಕಟ್ಟಬೇಕು. ಅವನ ಗೋಡೆ ಪಕ್ಕದಲ್ಲೇ, ಅವನ ಕಣ್ಣ ಮುಂದೆ ಹೊರಗೆ ಹೋಗಬೇಕು. ಇಲ್ಲದಿದ್ರೆ ನನಗೆ ದೋಣೀನೇ ಬೇಡ."

"ನನ್ನ ಕಾಲು?"

"ಮಡಚ್ಕೊಳ್ಳಿ."

ಹಾಗೆ ಹೇಳಿದ್ದಕ್ಕೆ ಅವಳಿಗೆ ಆಮೇಲೆ ಕೆಡುಕೆನಿಸಿತು. ದೋಣಿ ಅವನ ಕನಸು. ಅವನೇ ಅದರಲ್ಲಿ ಕಾಲು ಚಾಚುವಂತಿಲ್ಲ ಎಂದರೆ ಅದು ಯಾರ ದೋಣಿ? ಆದರೆ ಅಡುಗೆಮನೆಗೆ ಹೋಗುವಾಗ ಬಾಗಿಲಿನ ಒತ್ತು ಕಾಲಿಗೆ ತಾಕಿತು. ಸೌತೆಕಾಯಿಯೇ ಗೆದ್ದಿತು.

ಅದರ ಕೆಲಸದಲ್ಲಿ ಗಂಡನಿಗಿಂತ ಹೆಂಡತಿಯ ಕೈಯೇ ಮುಂದಾದದ್ದು ಇನ್ನೊಂದು ಸೋಜಿಗ. ಇದರಲ್ಲಿ ಹಳೆಯ ಬಗೆಯ ಮೊಳೆ, ಪಕ್ಕೆಲುಬು ಏನೂ ಇಲ್ಲ. ಪ್ಲೈವುಡ್ ಹಾಳೆಗಳನ್ನು ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ, ತೂತಿನಲ್ಲಿ ತಾಮ್ರದ ತಂತಿ ಪೋಣಿಸಿ ಹೊಲಿಯಬೇಕು. ಹೊಲಿಗೆಯ ಮೇಲೆ ಗಾಜಿನ ನೂಲಿನ ಪಟ್ಟಿ ಹಾಸಿ ಅಂಟು ಕುಡಿಸಬೇಕು. ಅಂಟು ಒಣಗಿದರೆ ಮರ ಮುರಿದೀತೇ ಹೊರತು ಕೂಡು ಬಿಡದು. ಪಟ್ಟಿ ನೋಡಿದ್ದೇ ಪಟ್ಟಿಯಕ್ಕ ನಕ್ಕಳು. "ಇದಕ್ಕಾ ಇಷ್ಟು ದಿನ ಕಾದಿದ್ದು? ದಿನಾ ಇದೇ ತಾನೇ ನಾನು ಮಾಡೋದು! ಒಂದು ಗುಳ್ಳೆ ಉಳಿಯಬಾರದು, ಒಂದು ಸುಕ್ಕು ಉಳಿಯಬಾರದು. ನೀವು ಕೊಯ್ದು ಕೊಡಿ, ನಾನು ಕಟ್ತೀನಿ." ಆಸ್ಪತ್ರೆಯಿಂದ ಬಂದವಳು ಬಿಳಿ ಹುಬ್ಬಿನಲ್ಲೇ ಹಿತ್ತಿಲಿಗೆ ಇಳಿಯುತ್ತಿದ್ದಳು.

ಭಾವನಿಗೆ ಒಳ್ಳೆಯ ಮನರಂಜನೆ ಸಿಕ್ಕಿತು. ಮೆಟ್ಟಿಲ ಕಿಟಕಿಯಿಂದ ಇಳಿಬಿಟ್ಟ ಮಾತು ಒಂದೇ ಎರಡೇ.

"ಏನಮ್ಮಾ, ಈ ಸಲ ಅವಳಿ ಜವಳಿಯಾ?"

"ಹೌದು ಭಾವ. ಒಂದನ್ನ ಕೊಂದ್ರಲ್ಲ, ಬಡ್ಡಿ ಸೇರಿಸಿ ಎರಡು."

"ಎರಡೂ ಸೇರಿ ಎಷ್ಟು ಅಗಲ ಆಗುತ್ತೋ?" ಎಂದು ಅವನು ತಮ್ಮನನ್ನು ಕೇಳಿದ. ಉದ್ದಣ್ಣನಿಗೆ ಸುಳ್ಳು ಬಾರದು. "ಹನ್ನೆರಡು ಅಡಿ" ಎಂದುಬಿಟ್ಟ. ತೊಲೆ ಬಿಚ್ಚಿಕೊಳ್ಳುತ್ತದೆಂದು ಹೇಳುವಷ್ಟರಲ್ಲಿ ಪಟ್ಟಿಯಕ್ಕ ಅವನ ಕಾಲು ತುಳಿದಳು. ರೂಢಿಯಂತೆ ಅವನೇ "ಸಾರಿ" ಎಂದು ಸುಮ್ಮನಾದ.

ಹನ್ನೆರಡು ಅಡಿಯ ಸುದ್ದಿ ಬೀದಿಯೆಲ್ಲ ಹರಡಿತು. ಭಾವನೇ ಹರಡಿದ. ಚಹಾ ಅಂಗಡಿಯಲ್ಲಿ ಕೂತು ಎರಡೂ ಕೈ ಅಗಲಿಸಿ ತೋರಿಸಿ ನಗಿಸಿದ. "ನನ್ನ ತಮ್ಮನಿಗೆ ಗರಗಸದ ಚಟ ಕಣ್ರಯ್ಯಾ. ಕೊಯ್ಯೋಕೆ ಅಂತಲೇ ಕಟ್ತಾನೆ. ಹೊರಡೋ ದಿನ ಹೇಳ್ತೀನಿ, ಎಲ್ಲರೂ ಬನ್ನಿ." ಹಾಗೆ ಜನ ಸೇರಿಸುವ ತೊಂದರೆ ಪಟ್ಟಿಯಕ್ಕನಿಗೆ ತಪ್ಪಿತು.

ಹೊರಡುವ ದಿನ ಬೀದಿ ತುಂಬಿತ್ತು. ಭಾವ ಇಸ್ತ್ರಿ ಅಂಗಿ ತೊಟ್ಟಿದ್ದ. ಓಣಿ ಬೀದಿಯನ್ನು ಸೇರುವ ಕಡೆ ಗೋಡೆಯಲ್ಲಿ ಅವನದೊಂದು ಕಬ್ಬಿಣದ ಗೇಟು ಇತ್ತು, ಗಾಡಿಯಿಂದ ಮೂಟೆ ಇಳಿಸಿಕೊಳ್ಳಲು. ಗೇಟಿಗೆ ಬೀಗ ಹಾಕಿ, ಒಳಗೆ ಕುರ್ಚಿ ಹಾಕಿಸಿಕೊಂಡು, ಸರಳುಗಳ ಸಂದಿಯಿಂದ ನೋಡುತ್ತ ಕೂತ. ಪಕ್ಕದಲ್ಲಿ ಅವನ ಹೆಂಡತಿ, ಪಟ್ಟಿಯಕ್ಕನ ಓರಗಿತ್ತಿ, ನಾಚಿಕೆಯಿಂದ ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು.

ಓಣಿಯ ಆ ಕೊನೆಯಿಂದ ಮೊದಲನೆಯ ಒಡಲು ಬಂತು. ನೀಲಿ ಬಣ್ಣದ್ದು, ಒಂಟಿಯಾಗಿ, ನೆಟ್ಟಗೆ, ಚಕ್ರದ ಹಲಗೆಯ ಮೇಲೆ. ಕಲ್ಲುಗೋಡೆಗೆ ಅಂಗೈಯಷ್ಟು ಜಾಗ ಬಿಟ್ಟು, ಭಾವನ ಗೋಡೆಗೆ ಅದನ್ನೂ ಬಿಡದೆ. ಬೇಕೆಂದೇ ಆ ಕಡೆಗೆ ಒತ್ತಿಸಿ ತಂದಿದ್ದಳು. ಸುಣ್ಣದ ಗೋಡೆಯ ಉದ್ದಕ್ಕೂ ನೀಲಿ ಗೆರೆಯೊಂದು ಜೊತೆಯಲ್ಲೇ ಬಂತು.

"ಅರೆ, ಅರ್ಧ ದೋಣಿ!" ಎಂದ ಗುಂಪಿನಲ್ಲೊಬ್ಬ.

"ಉಳಿದರ್ಧ ಹಿಂದೆ ಬರ್ತಿದೆ. ಹಗ್ಗ ಬಿಗಿದ್ರೆ ಒಂದು" ಎಂದ ಕಡವಿನ ತಾತ. ಗುಂಪು ಹೋ ಎಂದಿತು. ಭಾವನ ಮುಖದಿಂದ ನಗೆ ಇಳಿಯಿತು. ಪಟ್ಟಿಯಕ್ಕ ಆ ಮುಖವನ್ನು ಕಣ್ತುಂಬ ನೋಡಿದಳು. ಬಾಳಿನಲ್ಲಿ ಅಷ್ಟು ಹಿತವಾದದ್ದನ್ನು ನೋಡಿರಲಿಲ್ಲ.

ಅಷ್ಟರಲ್ಲಿ ದೋಣಿಯ ಮೂತಿ ಬೀದಿಯನ್ನು ದಾಟಿ ಎದುರಿನ ಗಿರಣಿಯ ಕಿಟಕಿ ಬಾಗಿಲಿಲ್ಲದ ಗೋಡೆಗೆ ಡಬ್ಬೆಂದು ಬಡಿಯಿತು. ಹಿಂಭಾಗ ಇನ್ನೂ ಓಣಿಯೊಳಗೇ ಇತ್ತು.

ಎಡಕ್ಕೆ ತಿರುಗಿಸಿ ನೋಡಿದರು, ಆಗಲಿಲ್ಲ. ಬಲಕ್ಕೂ ಆಗಲಿಲ್ಲ. ಅಷ್ಟುದ್ದದ ಒಡಲು ಅಷ್ಟು ಇಕ್ಕಟ್ಟಿನ ಓಣಿಯಿಂದ ಅಷ್ಟು ಸಣ್ಣ ಬೀದಿಗೆ ತಿರುಗಲಾರದು. ನಿಲ್ಲಿಸಿ ಎತ್ತೋಣವೆಂದರೆ ಮೇಲೆ ಕರೆಂಟಿನ ತಂತಿ. ಕಟ್ಟುವಷ್ಟು ಕಾಲವೂ ಪಟ್ಟಿಯಕ್ಕನ ತಲೆಯಲ್ಲಿದ್ದದ್ದು ಅಗಲ. ಭಾವ ಕದ್ದದ್ದು ಅಗಲ, ಅವನಿಗೆ ತೋರಿಸಬೇಕಾಗಿದ್ದದ್ದು ಅಗಲ. ಉದ್ದವನ್ನು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

"ನಿಮಗೆ ಗೊತ್ತಾಗಲಿಲ್ವೇನ್ರೀ? ನೀವು ಬಡಗಿ!" ಎಂದಳು ಗಂಡನಿಗೆ, ದನಿ ತಗ್ಗಿಸಿ.

"ಗೊತ್ತಿತ್ತು" ಎಂದ ಉದ್ದಣ್ಣ. "ಗೇಟು ತೆಗೆದ್ರೆ ತಿರುಗುತ್ತೆ. ಹಿಂಭಾಗ ಅಣ್ಣನ ಅಂಗಳಕ್ಕೆ ಹೋಗಿ, ಮೂತಿ ಈ ಕಡೆ ಬರುತ್ತೆ. ಇಲ್ಲಿವರೆಗೂ ಬಂದ ಮೇಲೆ ಅಣ್ಣ ತೆಗೆದೇ ತೆಗೀತಾನೆ ಅಂದ್ಕೊಂಡೆ."

ಅವಳಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಗಂಡ ಹೆಂಡತಿ ಒಂದೇ ದೋಣಿಯನ್ನು ಕಟ್ಟಿದ್ದರು. ಇವಳು ಭಾವನನ್ನು ಸೋಲಿಸಲು, ಅವನು ಅಣ್ಣನನ್ನು ನಂಬಿ.

ಭಾವನಿಗೂ ಅಷ್ಟರಲ್ಲಿ ವಿಷಯ ಹೊಳೆದಿತ್ತು. ಕುರ್ಚಿಯಿಂದ ಎದ್ದು ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಗೇಟಿಗೆ ಬಂದ. "ತೆಗೀತೀನಮ್ಮಾ, ಅದಕ್ಕೇನಂತೆ. ಕೇಳಬೇಕು ಅಷ್ಟೆ. ಇಷ್ಟು ಜನ ಇದಾರೆ, ಅವರೆಲ್ಲರ ಮುಂದೆ ಬಾಯಿ ಬಿಟ್ಟು ಕೇಳು: ಭಾವ, ತಪ್ಪಾಯ್ತು, ಗೇಟು ತೆಗೀರಿ ಅಂತ."

ಗಂಡ ಕೇಳಿಬಿಡುತ್ತಾನೆಂದು ಪಟ್ಟಿಯಕ್ಕನಿಗೆ ಗೊತ್ತಿತ್ತು. ಕೇಳುವುದೇ ಅವನ ಸ್ವಭಾವ. ಅವನ ತೋಳು ಹಿಡಿದು, "ಬೇಡ" ಎಂದಳು.

ಉದ್ದಣ್ಣ ಅಣ್ಣನನ್ನೇ ನೋಡುತ್ತಿದ್ದ. "ಅವಳು ಯಾಕಣ್ಣಾ ತಪ್ಪಾಯ್ತು ಅನ್ನಬೇಕು?" ಎಂದ.

"ಹಾಗಾದ್ರೆ ನೀನು ಅನ್ನು."

ಉದ್ದಣ್ಣ ಒಡಲಿನ ಮೇಲೆ ಹತ್ತಿ ಆಚೆಗೆ ಇಳಿದು ಹಿತ್ತಿಲಿಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಗರಗಸವಿತ್ತು. ಭಾವನೊಬ್ಬ ನಕ್ಕ. "ಹೇಳಿದ್ನಾ? ಚಟ!"

ಮತ್ತೆ ಕಟ್ಟಿಗೆ, ಮತ್ತೆ ಅದೇ ಸದ್ದು ಎಂದುಕೊಂಡಳು ಪಟ್ಟಿಯಕ್ಕ. ಆದರೆ ಉದ್ದಣ್ಣ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಒಡಲಿನ ನಡುವೆ, ಒಳಗಿನ ಅಡ್ಡಹಲಗೆಗೆ ಎರಡು ಬೆರಳು ಬಿಟ್ಟು ಸುತ್ತಲೂ ಗೆರೆ ಎಳೆದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಅವಳಿಗೆ ಮಾತ್ರ ಕೇಳಿಸುವಂತೆ, "ಇಲ್ಲಿ ಕೊಯ್ದರೆ ನಿನ್ನ ಪಟ್ಟಿ ಹಿಡಿಯುತ್ತಾ?" ಎಂದ.

ಅವಳು ಗೆರೆಯನ್ನು ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು. ಎದೆಯ ಮೇಲಿನಿಂದ ಗೋಡೆಯೊಂದು ಸರಿದಂತಾಯಿತು.

"ತೊಡೆ ಮೂಳೇನೇ ಹಿಡಿದಿದೆ ಕಣ್ರೀ" ಎಂದಳು, ಬೀದಿಗೆಲ್ಲ ಕೇಳಿಸುವಂತೆ. "ಕೊಯ್ಯಿರಿ."

ಅವನು ಕೊಯ್ದ. ಹಳೆಯ ದೋಣಿಯನ್ನು ಕೊಯ್ದಾಗ ತಲೆ ತಗ್ಗಿಸಿ ಕೊಯ್ದಿದ್ದ. ಈಗ ಅಣ್ಣನ ಮುಖ ನೋಡುತ್ತ ಕೊಯ್ದ. ಗೆರೆ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಒಡಲು ಎರಡು ತುಂಡಾಗಿ ಕೂತಿತು. ನಾಲ್ಕು ಜನ ಮುಂದಿನ ತುಂಡನ್ನು ಎತ್ತಿ ಎಡಕ್ಕೆ ತಿರುಗಿಸಿ ನಡೆದರು, ಇನ್ನು ನಾಲ್ಕು ಜನ ಹಿಂದಿನದನ್ನು. ಭಾವನ ಬೆರಳಿನಲ್ಲಿ ಬೀಗದ ಕೈ ನಿಂತುಹೋಗಿತ್ತು.

ಎರಡನೆಯ ಒಡಲನ್ನು ಹಿತ್ತಿಲಿನಲ್ಲೇ ಕೊಯ್ದು ತರಬಹುದು, ಕೆಲಸ ಸಲೀಸು ಎಂದ ತಾತ.

"ಬೇಡ. ಇಡಿಯಾಗಿ ಗೇಟಿನವರೆಗೆ ತನ್ನಿ" ಎಂದಳು ಪಟ್ಟಿಯಕ್ಕ. "ಇಲ್ಲೇ ಕೊಯ್ಯೋಣ. ಭಾವನವರಿಗೆ ಗರಗಸದ ಸದ್ದು ಅಂದ್ರೆ ತುಂಬ ಇಷ್ಟ. ಅಕ್ಕಾ, ಅವರಿಗೊಂದು ಲೋಟ ಚಹಾ ತಂದುಕೊಡಿ."

ಓರಗಿತ್ತಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಚಹಾ ಬರಲಿಲ್ಲ. ಭಾವ ಎರಡನೆಯ ಒಡಲು ಕೊಯ್ದು ಮುಗಿಯುವವರೆಗೂ ಅಲ್ಲೇ ನಿಂತಿದ್ದ. ಒಳಗೆ ಹೋದರೆ ಸೋತಂತೆ, ನಿಂತರೆ ಕೇಳಬೇಕು.

ತಾತನ ಶೆಡ್ಡಿನಲ್ಲಿ ನಾಲ್ಕು ತುಂಡುಗಳನ್ನು ಸಾಲಾಗಿ ಇಟ್ಟರು. ಕೂಡಿಸಲು ಅಂಟು ಕಲೆಸಿಕೊಂಡು ಕೂತ ಪಟ್ಟಿಯಕ್ಕ ಇದ್ದಕ್ಕಿದ್ದಂತೆ ಕಡ್ಡಿಯನ್ನು ಕೆಳಗಿಟ್ಟಳು. ಒಂದು ಒಡಲಿನ ಎರಡು ತುಂಡುಗಳನ್ನು ನೋಡಿದಳು, ನಡುವಿನ ಸಂದಿಯನ್ನು ನೋಡಿದಳು, ಗಂಡನ ಕಾಲುಗಳನ್ನು ನೋಡಿದಳು.

"ಏನ್ರೀ, ಮಲಗಿ ಇದರಲ್ಲಿ."

"ಅರ್ಧ ದೋಣೀಲಾ?"

"ಮಲಗಿ ಅಂದ್ರೆ ಮಲಗಿ."

ಅವನು ಮಲಗಿದ. ಕಾಲು ಸಂದಿಯಾಚೆ ಹೊರಗೆ ಬಂತು. ಹಿಂದಿನ ತುಂಡನ್ನು ಅವಳು ಮೆಲ್ಲಗೆ ಹಿಂದಕ್ಕೆ ದೂಡುತ್ತ ಹೋದಳು, ಅವನ ಹಿಮ್ಮಡಿ ಪೂರ್ತಿ ಚಾಚುವವರೆಗೆ. ಒಂದೂವರೆ ಅಡಿ. ನಕ್ಷೆಯಲ್ಲಿ ಇಲ್ಲದ ಆ ಒಂದೂವರೆ ಅಡಿಗೆ ಹೊಸ ಹಲಗೆ ಸೇರಿಸಿ, ಒಳಗೂ ಹೊರಗೂ ಪಟ್ಟಿ ಸುತ್ತಿದಳು. ಎರಡು ಒಡಲಿಗೂ ಸುತ್ತಿದಳು. ಈ ಉದ್ದದ ದೋಣಿ ಇನ್ನು ಯಾವ ಓಣಿಗೂ ಹಿಂದಿರುಗಲಾರದು. ಹಿಂದಿರುಗುವ ಅಗತ್ಯವೂ ಇರಲಿಲ್ಲ.

ನೀರಿಗಿಳಿದ ದೋಣಿಯ ಎರಡು ಮೂತಿಯ ಮೇಲೂ ಅವಳು ತಾನೇ ಹೆಸರು ಬರೆದಳು: 'ಕಟ್ಟಿಗೆ'. ಒಳ್ಳೆಯ ಹೆಸರಿಡಬಾರದೇ ಎಂದು ಕೇಳಿದವರಿಗೆ, "ಇದು ಭಾವನವರು ಇಟ್ಟ ಹೆಸರು, ದೊಡ್ಡವರ ಮಾತು ಮೀರೋಕಾಗುತ್ತಾ?" ಎಂದಳು.

ಇವು ನಡೆದು ಕೆಲವು ವರ್ಷಗಳಾದವು. ರಜೆ ಬಂದರೆ ಗಂಡ ಹೆಂಡತಿ ಕೊಲ್ಲಿಯಲ್ಲೇ ಇರುತ್ತಾರೆ. ದ್ವೀಪಗಳ ಆಚೆಗೂ ಹೋಗಿಬಂದಿದ್ದಾರೆ. ಅಲ್ಲಿ ಇನ್ನಷ್ಟು ದ್ವೀಪಗಳಿವೆಯಂತೆ. ಉದ್ದಣ್ಣ ಕಾಲು ಚಾಚಿ ಮಲಗುತ್ತಾನೆ, ಅವನ ಗೊರಕೆ ಪಕ್ಕದ ಒಡಲಿಗೂ ಕೇಳಿಸುತ್ತದಂತೆ. ಊರಿನವರು ಭಾವನ ಹೆಸರಿನ ಸಿಮೆಂಟು ತೆಗೆದು 'ಗೇಟು ಭಾವ' ಎಂದಿಟ್ಟುಕೊಂಡಿದ್ದಾರೆ. ಗೋಡೆಯ ನೀಲಿ ಗೆರೆಗೆ ಅವನು ಸುಣ್ಣ ಹೊಡೆಸಿದ, ಮತ್ತೆ ಹೊಡೆಸಿದ. ದೋಣಿಯ ಬಣ್ಣ ಸುಣ್ಣಕ್ಕೆ ಬಗ್ಗುವುದಿಲ್ಲ. ಮಳೆ ಬಂದರೆ ಮೂಡುತ್ತದೆ.

ಈಚೆಗೆ ಓರಗಿತ್ತಿ ಹಿತ್ತಿಲಿಗೆ ಬಂದು, "ಗೋಡೆ ಕೆಡವಿಸ್ತಾರಂತೆ ಕಣೇ, ನಿಮಗೂ ಓಡಾಡೋಕೆ ಅನುಕೂಲ ಅಂತಿದ್ರು" ಎಂದಳು. ರಾಜಿಗೆ ಬಂದ ಮಾತು ಅದು. "ಒಪ್ಕೋ, ಸಾಕು" ಎಂದ ಉದ್ದಣ್ಣ.

"ಕೆಡವೋದು ಬೇಡ ಅನ್ನಿ ಅಕ್ಕ" ಎಂದಳು ಪಟ್ಟಿಯಕ್ಕ. "ಗೋಡೆ ಚೆನ್ನಾಗಿದೆ. ನಮಗೇನೂ ತೊಂದರೆ ಇಲ್ಲ."

ಗೋಡೆ ಹಾಗೇ ಇದೆ. ಅಡುಗೆಮನೆಯ ಒತ್ತೂ ಹಾಗೇ ಇದೆ. ಅವಳು ಈಗ ಕಟ್ಟಿಗೆಗೆ ಜೊತೆಯಾಗಿ, ದಡಕ್ಕೆ ಹೋಗಿಬರಲು ಒಂದು ಮರಿದೋಣಿ ಕಟ್ಟುತ್ತಿದ್ದಾಳೆ. ಗರಗಸ ಹಿಡಿಯುವುದನ್ನೂ ಕಲಿತಿದ್ದಾಳೆ. ಸಂಜೆ ಆಸ್ಪತ್ರೆಯಿಂದ ಬಂದು, ಮೆಟ್ಟಿಲ ಕಿಟಕಿಯಲ್ಲಿ ದೀಪ ಹೊತ್ತುವವರೆಗೆ ಕಾದು, ಆಮೇಲೆ ಹಲಗೆಗೆ ಗರಗಸ ಇಡುತ್ತಾಳೆ. ಹಲಗೆ ತುಂಡಾಗಿ ಬಿದ್ದ ಮೇಲೂ, ಪಕ್ಕದಲ್ಲಿ ಅದಕ್ಕೆಂದೇ ಇಟ್ಟುಕೊಂಡ ಹಳೆಯ ಮರದ ಮೇಲೆ ಇನ್ನೂ ಸ್ವಲ್ಪ ಹೊತ್ತು ಆಡಿಸುತ್ತಿರುತ್ತಾಳೆ.